ಮೀನಿಗೂ ಒಂದೊಂದು ಸ್ವಭಾವ!

ನಾವು ಟಿ.ಸಿ.ಎಚ್. ಓದುವಾಗ ಮನೋವಿಜ್ಞಾನದಲ್ಲಿ 'ವೈಯಕ್ತಿಕ ಭಿನ್ನತೆ' ಎಂಬ ಪಾಠವಿತ್ತು. ಒಂದೇ ತರಗತಿಯ ಮಕ್ಕಳೆಲ್ಲ ಒಂದೇ ರೀತಿ ಇರುವುದಿಲ್ಲ ಎಂದು ಬರೆದು ಅಂಕ ಪಡೆದೆವು. ಮೀನುಗಳಲ್ಲೂ ಈ ಭಿನ್ನತೆ ಇದೆಯೆಂದು ಓದಿದಾಗ ನಮಗೆ ಆಶ್ಚರ್ಯವೋ ಆಶ್ಚರ್ಯ!

ನಮ್ಮ ಬೆಳುಗುಪ್ಪ ಮೊದಲೇ ಬರದ ಸೀಮೆ. ಕೆರೆ ತುಂಬಿದ ವರ್ಷ ಕಟ್ಲಾ, ರೋಹು ಮರಿಗಳನ್ನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ತಂದು ಬಿಡುತ್ತಾರೆ. ತಂದ ಕೂಡಲೇ ಸುರಿಯುವಂತಿಲ್ಲ. ಚೀಲವನ್ನು ಹದಿನೈದು, ಇಪ್ಪತ್ತು ನಿಮಿಷ ಕೆರೆ ನೀರಲ್ಲೇ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿನಷ್ಟೇ ಬಿಸಿಯಾದ ಮೇಲೆ ಬಾಯಿ ಬಿಚ್ಚಬೇಕು. ಇಲ್ಲದಿದ್ದರೆ ಮರಿಗಳಿಗೆ ಪೆಟ್ಟು.

ಆದರೆ ಒತ್ತಡವನ್ನು ಎಲ್ಲ ಮೀನೂ ಒಂದೇ ರೀತಿ ತಾಳುವುದಿಲ್ಲ. ಒತ್ತಡ ಬಿದ್ದಾಗ ನಮ್ಮ ಹಾಗೆಯೇ ಮೀನಿನ ರಕ್ತದಲ್ಲೂ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಇಂಗ್ಲೆಂಡಿನಲ್ಲಿ ಪಾಟಿಂಜರ್ ಮತ್ತು ಕ್ಯಾರಿಕ್ ಎಂಬ ವಿಜ್ಞಾನಿಗಳು ರೇನ್‌ಬೋ ಟ್ರೌಟ್ ಮೀನುಗಳನ್ನು ಇಕ್ಕಟ್ಟಿನಲ್ಲಿಟ್ಟು ರಕ್ತ ಪರೀಕ್ಷಿಸಿದರು. ಕಾರ್ಟಿಸಾಲ್ ಹೆಚ್ಚು ಏರುವವು ಒಂದು ಗುಂಪು, ಕಡಿಮೆ ಏರುವವು ಇನ್ನೊಂದು ಗುಂಪು ಎಂದು ಆರಿಸಿ ಮರಿ ಮಾಡಿಸಿದರು. ಮರಿಗಳಲ್ಲೂ ಅದೇ ಗುಣ ಬಂತೆಂದು 1999ರಲ್ಲಿ ಪ್ರಕಟಿಸಿದರು.

ಹೊಸ ತೊಟ್ಟಿಗೆ ಬಿಟ್ಟಾಗ ಕಡಿಮೆ ಏರುವ ಮೀನು ಬೇಗ ಮೇವಿಗೆ ಬಾಯಿ ಹಾಕಿತು. ಇನ್ನೊಂದು ಮೇವು ಮುಟ್ಟದೆ ತಡಮಾಡಿತು. ಹಾಗಾದರೆ ಮೊದಲನೆಯದೇ ಜಾಣ ಮೀನೇ? ಅಲ್ಲ! ಮೇವಿನ ಜಾಗ ಬದಲಿಸಿದರೆ ಆ ಧೈರ್ಯಶಾಲಿ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಅಂಜುಬುರುಕ ಮೀನೇ ಬದಲಾವಣೆಯನ್ನು ಬೇಗ ಗುರುತಿಸಿತು. ಇದು 2011ರಲ್ಲಿ ಪ್ರಕಟವಾದ ಸಂಗತಿ. ಇನ್ನೂ ಸ್ವಾರಸ್ಯವೆಂದರೆ, ಇವೇ ತಳಿಗಳನ್ನು ಇಂಗ್ಲೆಂಡಿನಿಂದ ನಾರ್ವೆಗೆ ಸಾಗಿಸಿದ ಮೇಲೆ ಅಂಜುಬುರುಕರೇ ಮುಂದಾಳುಗಳಾದರಂತೆ!

ಮಕ್ಕಳು ಮೀನುಗಳಲ್ಲ, ನಿಜ. ಆದರೂ ನಮಗೆ ನೆನಪಾಗುವುದು ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಇಂಟರ್‌ಮೀಡಿಯೆಟ್‌ಗೆ ತೆಲುಗು ಅಥವಾ ಇಂಗ್ಲಿಷ್ ತರಗತಿಗೆ ಬೀಳುವ ನಮ್ಮ ಮಕ್ಕಳು. ಕೆಲವರು ಮೊದಲ ವಾರದಲ್ಲೇ ಬೆರೆತುಬಿಡುತ್ತಾರೆ. ಕೆಲವರು ಹಿಂದಿನ ಬೆಂಚು ಹಿಡಿದು ಬಾಯಿ ಬಿಡುವುದಿಲ್ಲ. ಅಂಥವರಿಗೆ 'ದಡ್ಡ' ಎಂಬ ಹೆಸರು ಬೇಗ ಅಂಟುತ್ತದೆ. ಮನೆಯಲ್ಲೂ "ಓದು ಸಾಕು, ಹೊಲಕ್ಕೆ ಬಾ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು!

ಬಾಯಿ ಮುಚ್ಚಿದವನ ಎದೆಯಲ್ಲಿ ಎಷ್ಟು ಡವಗುಟ್ಟುತ್ತಿದೆಯೋ, ಎಲ್ಲವನ್ನೂ ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಿದ್ದಾನೋ ಯಾರು ಬಲ್ಲರು? ಸಹೋದ್ಯೋಗಿ ಬಂಧುಗಳೇ, ಪೋಷಕರೇ, ಮೊದಲ ಕಿರುಪರೀಕ್ಷೆಯ ಅಂಕ ನೋಡಿ ತೀರ್ಪು ಕೊಡುವುದು ಬೇಡ. ಮೀನುಮರಿಗೆ ಇಪ್ಪತ್ತು ನಿಮಿಷ ಕೊಡುವ ನಾವು, ಮಗುವಿಗೆ ಒಂದು ವರ್ಷವಾದರೂ ಕೊಡಬೇಡವೇ? ನೀವೇನಂತೀರಿ?