ಹೊಳೆ ಇಳಿದ ಮೇಲೆ

ನದಿಗೆ ನೆರೆ ಬಂದಾಗ ಪತ್ರಿಕೆಗಳು ಮೊದಲು ಕೊಡುವುದು ನೀರಿನ ಲೆಕ್ಕವನ್ನು. ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಹೊರಬಿಟ್ಟರು, ಸೇತುವೆಯ ಮೇಲೆ ಎಷ್ಟು ಅಡಿ ನೀರು ನಿಂತಿತು, ಎಷ್ಟು ಗ್ರಾಮಗಳ ಸಂಪರ್ಕ ಕಡಿದುಹೋಯಿತು ಎಂಬುದನ್ನು ಓದುತ್ತೇವೆ. ಆಮೇಲೆ ಸತ್ತವರ ಸಂಖ್ಯೆ ಬರುತ್ತದೆ. ನೀರು ಇಳಿದಂತೆ ಸುದ್ದಿಯೂ ಇಳಿಯುತ್ತದೆ. ಆದರೆ ಹೊಳೆಸಾಲಿನ ಊರುಗಳಲ್ಲಿ ನೆರೆಯ ಕಥೆ ಮೊದಲಾಗುವುದೇ ನೀರು ಇಳಿದ ಮರುದಿನದಿಂದ. ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ದಟ್ಟ ಮಳೆಯ ನಾಡಿನಲ್ಲಿ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ನಮ್ಮ ಬಯಲು ಸೀಮೆಯಲ್ಲಿ ವರ್ಷದ ಬಹುಭಾಗ ಅದು ಮಕ್ಕಳು ನಡೆದು ದಾಟುವಷ್ಟೇ ಆಳದ ಹೊಳೆ. ಪಾತ್ರದ ತುಂಬ ಜಾಲಿ ಬೆಳೆಯುತ್ತದೆ. ದಂಡೆಯ ಹೊಲದವರು ವರ್ಷಕ್ಕೆ ಎರಡು ಮೊಳ ಮುಂದೆ ಸರಿದು ಉಳುತ್ತಾರೆ. ಹೀಗೆ ಹೊಳೆ ಕಿರಿದಾಗುತ್ತ ಬಂದಿತು, ಮಳೆ ಕಿರಿದಾಗಲಿಲ್ಲ. ಆದಕಾರಣ ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲ್ನಾಡಿನಲ್ಲಿ ಸುರಿದ ಮಳೆ ನಮ್ಮ ಹೊಸ್ತಿಲಿಗೆ ಬಂದು ನಿಲ್ಲುವುದುಂಟು.

2009ರಲ್ಲಿ ಮಾತ್ರ ಮಳೆ ನಮ್ಮ ಮೇಲೆಯೇ ಸುರಿಯಿತು. ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದದ್ದು ಅಕ್ಟೋಬರ್ ಮೊದಲ ದಿನಗಳವರೆಗೂ ಬಿಡಲಿಲ್ಲ. ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದ್ದು ಆಗಲೇ. ಉತ್ತರ ಕರ್ನಾಟಕದ ಹಳೆಯ ಮನೆಗಳಿಗೆ ಮಣ್ಣಿನ ಮೇಲ್ಮುದ್ದೆಯಿರುತ್ತದೆ. ತೊಲೆಗಳ ಮೇಲೆ ಮಣ್ಣು ಹಾಸಿದ ಆ ಮಾಳಿಗೆ ಬಿರುಬೇಸಿಗೆಯಲ್ಲಿ ತಂಪು. ಎಡೆಬಿಡದ ಮಳೆಯಲ್ಲಿ ಅದೇ ಮಣ್ಣು ನೀರು ಕುಡಿದು ಭಾರವಾಗಿ ತೊಲೆಯನ್ನು ಮುರಿಯುತ್ತದೆ. ಹೊಳೆಯ ನೀರು ಮುಟ್ಟದ ಮನೆಗಳೂ ಹೀಗೆ ಮಲಗಿದವರ ಮೇಲೆ ಕುಸಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಿದ್ದ ಮನೆಗಳನ್ನು ಲಕ್ಷಗಳಲ್ಲಿ ಎಣಿಸಬೇಕಾಯಿತು.

ನಮ್ಮ ಶಾಲೆಯೇ ಗಂಜಿಕೇಂದ್ರವಾಯಿತು. ಅಲ್ಲಿಗೆ ಬಂದವರು ತಂದದ್ದೆಂದರೆ ಉಟ್ಟ ಬಟ್ಟೆ, ಒಂದೆರಡು ಆಡು, ಕೆಲವರ ಕೈಯಲ್ಲಿ ಪಡಿತರ ಚೀಟಿ. ಊರಿನಲ್ಲಿ ಆಗ ಬಳಕೆಯಲ್ಲಿ ಉಳಿದಿದ್ದ ಒಂದೆರಡು ಹಗೇವುಗಳಿಗೂ ನೀರು ಇಳಿದಿತ್ತು. ನೆಲದೊಳಗಿನ ಆ ಕಣಜವನ್ನು ತೆರೆದ ದಿನ ವರ್ಷದ ಜೋಳ ಕೊಳೆತು ಎದ್ದ ವಾಸನೆ ಓಣಿಯನ್ನೆಲ್ಲ ತುಂಬಿತ್ತು.

ಕೆಲವು ದಿನಗಳಲ್ಲಿ ನಷ್ಟದ ಪಂಚನಾಮೆ ಆರಂಭವಾಯಿತು. ಬಿದ್ದ ಗೋಡೆಯನ್ನು ಅಳೆಯಬಹುದು. ಸತ್ತ ಎಮ್ಮೆಯನ್ನು ಎಣಿಸಬಹುದು. ಹಾಳಾದ ಹೊಲವನ್ನು ಪಹಣಿಯಲ್ಲಿರುವ ಹೆಸರಿಗೆ ಬರೆದುಕೊಳ್ಳಬಹುದು. ಆದರೆ ಹೊಲ ಒಬ್ಬರದು, ಲಾವಣಿಗೆ ಹಿಡಿದು ಬಿತ್ತಿದವನು ಇನ್ನೊಬ್ಬ. ಬೀಜ, ಗೊಬ್ಬರಗಳಿಗೆ ಸಾಲ ತಂದವನು ಆ ಇನ್ನೊಬ್ಬನೇ. ಪರಿಹಾರದ ಹಣ ಮಾತ್ರ ಪಹಣಿಯ ದಾರಿ ಹಿಡಿಯಿತು. ಹೊಲವೂ ಇಲ್ಲದ, ಲಾವಣಿಯೂ ಇಲ್ಲದ ಕೂಲಿಯವರ ಮಾತಂತೂ ಬೇಡ. ಉಳ್ಳಾಗಡ್ಡಿ ಕೀಳುವ, ಹತ್ತಿ ಬಿಡಿಸುವ ಸುಗ್ಗಿಯ ದಿನಗಳು ನೀರಿನಲ್ಲಿ ಹೋದವು. ಕಳೆದುಹೋದ ದಿನಗೂಲಿಗೆ ಪಂಚನಾಮೆಯಲ್ಲಿ ಅಂಕಣವೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಒಬ್ಬ ತಾಯಿ ಮಗನ ವರ್ಗಾವಣೆ ಪತ್ರ ಕೇಳಲು ಬಂದಿದ್ದರು. "ಹೊಳಿ ಇಳೀತ್ರೀ ಮಾಸ್ತರ, ಸಾಲ ಇಳೀವಲ್ದು" ಎಂದರು.

ಕೂಲಿಯ ನಷ್ಟ ಸಣ್ಣದೆಂದು ಯಾರೂ ಭಾವಿಸಬಾರದು. 1974ರಲ್ಲಿ ಬಾಂಗ್ಲಾದೇಶದಲ್ಲಿ ಬ್ರಹ್ಮಪುತ್ರೆ ಉಕ್ಕಿದ ಬೆನ್ನಿಗೆ ಭೀಕರ ಕ್ಷಾಮ ತಲೆದೋರಿತು. ಸತ್ತವರು 26,000 ಎಂದು ಸರ್ಕಾರ ಹೇಳಿತು. ಇತರರ ಅಂದಾಜುಗಳು ಅದಕ್ಕಿಂತ ಬಹಳ ಹೆಚ್ಚು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕ್ಷಾಮವನ್ನು ಪರಿಶೀಲಿಸಿ ಒಂದು ವಿಚಿತ್ರವನ್ನು ತೋರಿಸಿಕೊಟ್ಟರು. ಆ ವರ್ಷ ದೇಶದಲ್ಲಿ ತಲಾ ದೊರೆಯುತ್ತಿದ್ದ ಧಾನ್ಯ ಹಿಂದುಮುಂದಿನ ವರ್ಷಗಳಿಗಿಂತ ಹೆಚ್ಚೇ ಇತ್ತು. ನೀರು ಕಸಿದುಕೊಂಡದ್ದು ನಾಟಿಯ ಕೆಲಸವನ್ನು. ಕೂಲಿ ನಿಂತಿತು, ಅಕ್ಕಿಯ ಬೆಲೆ ಏರಿತು. ಅಂಗಡಿಯಲ್ಲಿ ಅಕ್ಕಿಯಿದ್ದರೂ ಕೊಳ್ಳುವ ಕೈ ಬರಿದಾಗಿತ್ತು. 1998ರಲ್ಲಿ ಅದೇ ದೇಶದ ಮೂರರಲ್ಲಿ ಎರಡು ಪಾಲು ಎರಡು ತಿಂಗಳಿಗೂ ಮಿಕ್ಕಿ ನೀರಿನಲ್ಲಿ ಮುಳುಗಿತು. ಆದರೂ ಕ್ಷಾಮ ಬರಲಿಲ್ಲ. ವರ್ತಕರು ಭಾರತದಿಂದ ಅಕ್ಕಿ ತರಿಸಿದರು, ಸರ್ಕಾರ ಬಡವರಿಗೆ ಧಾನ್ಯ ಹಂಚಿತು. ಆದರೆ ಅಲ್ಲಿಯೂ ಬಡ ಸಂಸಾರಗಳು ಉಂಡದ್ದು ಬಹುಮಟ್ಟಿಗೆ ಸಾಲದ ಅನ್ನವನ್ನೇ.

ನಮ್ಮಲ್ಲಿ 2019ರ ಆಗಸ್ಟಿನಲ್ಲಿ ಮತ್ತೆ ನೆರೆ ಬಂದಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲೂ ನೀರು ನಿಂತಿತು. 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಸಾರಲಾಯಿತು. ರಾಜ್ಯ ಸರ್ಕಾರ ಅಂದಾಜು ಮಾಡಿದ ನಷ್ಟ 35,000 ಕೋಟಿ ರೂಪಾಯಿಗೂ ಹೆಚ್ಚು. ನಿಯಮಾವಳಿಯಂತೆ ಕೇಂದ್ರದಿಂದ ಕೇಳಬಹುದಾಗಿದ್ದ ನೆರವು ಅದರ ಹತ್ತರಲ್ಲೊಂದು ಪಾಲಿನ ಆಸುಪಾಸು. ಸಂತ್ರಸ್ತ ಕುಟುಂಬಕ್ಕೆ ಕೂಡಲೇ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಘೋಷಿಸಿತು. ಅದು ಸಣ್ಣ ಮೊತ್ತವಲ್ಲ, ಒಪ್ಪತಕ್ಕದ್ದೇ. ಆದರೆ ಮಿಕ್ಕ ಒಂಬತ್ತು ಪಾಲು ಎಲ್ಲಿ ಜಮೆಯಾಯಿತು? ಅದರ ಸ್ವಲ್ಪ ಭಾಗವನ್ನಾದರೂ ನಾನು ಶಾಲೆಯ ಹಾಜರಿ ಪುಸ್ತಕದಲ್ಲಿ ಓದಿದ್ದೇನೆ. ಎರಡೂ ನೆರೆಗಳ ನಂತರ, ಚಳಿಗಾಲ ಕಾಲಿಟ್ಟಂತೆ, ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟಿತು. ಗೋವೆಗೆ, ಮಂಗಳೂರಿಗೆ ತಂದೆತಾಯಿಗಳು ದುಡಿಯಲು ಹೋದಾಗ ಮಕ್ಕಳೂ ಹೋದರು. ಹುಡುಗರಲ್ಲಿ ಕೆಲವರು ಪರೀಕ್ಷೆಯ ಹೊತ್ತಿಗೆ ಮರಳಿದರು. ಹೆಣ್ಣುಮಕ್ಕಳಲ್ಲಿ ಮರಳಿದವರು ಕಡಿಮೆ. ತಮ್ಮತಂಗಿಯರನ್ನು ನೋಡಿಕೊಳ್ಳಲು ಅಲ್ಲಿಯೇ ಉಳಿದರು. ಅಚ್ಚುಕಟ್ಟಾಗಿ ಪ್ರಬಂಧ ಬರೆಯುತ್ತಿದ್ದ ಒಬ್ಬಳ ಹೆಸರನ್ನು ನಾನೇ ಕೆಂಪು ಶಾಯಿಯಿಂದ ಹೊಡೆದುಹಾಕಬೇಕಾಯಿತು.

2009ರ ನೆರೆಯ ನಂತರ ಸರ್ಕಾರ ದಾನಿಗಳ ನೆರವಿನಿಂದ 'ಆಸರೆ' ಎಂಬ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಊರುಗಳನ್ನು ಕಟ್ಟಿಸಿತ್ತು. ಉದ್ದೇಶ ಒಳ್ಳೆಯದೇ. ಆದರೆ ರೈತನ ಮನೆಯೆಂದರೆ ನಾಲ್ಕು ಗೋಡೆಗಳಷ್ಟೇ ಅಲ್ಲ. ದನ ಕಟ್ಟಲು, ಬಣವೆ ಒಟ್ಟಲು, ರಾಶಿ ಹಾಕಲು ಜಾಗ ಬೇಕು, ಹೊಲ ಹತ್ತಿರವಿರಬೇಕು. ನಮ್ಮ ಊರಿನವರಲ್ಲಿ ಬಹುಮಂದಿ ಹಳೆಯ ಊರಿನಲ್ಲೇ ಉಳಿದರು. ಹೊಸ ಮನೆಗಳಲ್ಲಿ ಮೇವು ತುಂಬಿಟ್ಟರು. 2019ರಲ್ಲಿ ನೀರು ಏರಿದ ರಾತ್ರಿ ಎಲ್ಲರೂ ಆ ಮನೆಗಳಿಗೇ ಓಡಿದರು. ಮೇವನ್ನು ಹೊರಗೆಳೆದು, ನೆಲ ಗುಡಿಸಿ, ಒಂದೊಂದರಲ್ಲಿ ಮೂರು ನಾಲ್ಕು ಸಂಸಾರಗಳು ಸೇರಿ ಒಲೆ ಹೂಡಿದವು. ಇನ್ನಾದರೂ ಅಲ್ಲಿಯೇ ನಿಲ್ಲುವರೆಂದು ಅಧಿಕಾರಿಗಳು ತಿಳಿದರು. ಕೆಲವರು ನಿಂತರು. ಉಳಿದವರು ಹಿಂಗಾರಿಯ ಬಿತ್ತನೆಯ ಹದ ತಪ್ಪೀತೆಂದು, ಕಡಲೆಬೀಜದ ಚೀಲ ಹೊತ್ತು, ಹೊಲಗಳ ಕೆಸರು ಆರುವ ಮೊದಲೇ ಕೆಳಗಿಳಿದು ಹೋದರು.