ಕುರ್ಚಿ ಖಾಲಿಯಾಗುವ ಮೊದಲೇ ಬಂದ ಹುಡುಗ

2020ರ ಏಪ್ರಿಲ್ 23, ಗುರುವಾರ. ಲಾಕ್‌ಡೌನ್ ಕಾಲ. ರಾತ್ರಿ ಹತ್ತು ದಾಟಿತ್ತು. ಅಮೆರಿಕದ ಮಿಲ್ವಾಕಿಯ ನನ್ನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಕೂತಿದ್ದೆ. ಇದ್ದಕ್ಕಿದ್ದಂತೆ ಆಫೀಸಿನ ಚಾಟ್ ಗ್ರೂಪಿನಲ್ಲಿ ಮೆಸೇಜುಗಳ ಸುರಿಮಳೆ. ಸರ್ವರ್ ಏನಾದರೂ ಬಿತ್ತಾ ಅಂತ ಗಾಬರಿಯಾಗಿ ತಟ್ಟೆ ಪಕ್ಕಕ್ಕಿಟ್ಟೆ. ಸರ್ವರ್ ಚೆನ್ನಾಗಿಯೇ ಇತ್ತು. ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ಫುಟ್‌ಬಾಲ್ ತಂಡ ಜೋರ್ಡನ್ ಲವ್ ಎಂಬ 21 ವರ್ಷದ ಹುಡುಗನನ್ನು ಆರಿಸಿಕೊಂಡಿತ್ತು, ಅಷ್ಟೇ.

ಅಷ್ಟಕ್ಕೇ ಯಾರೋ ತೀರಿಕೊಂಡ ಹಾಗೆ ಇಡೀ ಗ್ರೂಪು ಗೋಳಾಡುತ್ತಿತ್ತು. ಎಲ್ಲರಿಗಿಂತ ಜೋರು ನಮ್ಮ ಮೇಷ್ಟ್ರದು.

ಮೇಷ್ಟ್ರು ಅಂದರೆ ನನ್ನ ಹಿರಿಯ ಸಹೋದ್ಯೋಗಿ. ಆಗಲೇ ಅರವತ್ತರ ಹತ್ತಿರ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೀತಾರೆ, ಆದರೆ ಹಾಸನದಲ್ಲಿ ಬೆಳೆದ ನನಗೆ ಬಾಯಿ ಬರುತ್ತಿರಲಿಲ್ಲ. ಬಾಯಲ್ಲಿ ಹೆಸರು, ಮನಸ್ಸಿನಲ್ಲಿ ಮೇಷ್ಟ್ರು. ನಮ್ಮದು ವಿಮೆಗೆ ಸಂಬಂಧಪಟ್ಟ ಕಂಪನಿ. ಪ್ರೀಮಿಯಂ ಲೆಕ್ಕ ಹಾಕುವ ಹಳೇ ಕೋಬಾಲ್ ಪ್ರೋಗ್ರಾಮು ಇಪ್ಪತ್ತೈದು ವರ್ಷದಿಂದ ಅವರ ಕೈಯಲ್ಲೇ ಇತ್ತು. ಅದನ್ನು ಕಲಿತು, ಜಾವಾದಲ್ಲಿ ಹೊಸದಾಗಿ ಬರೆಯೋದಕ್ಕೆ ಅಂತ 2019ರಲ್ಲಿ ನನ್ನನ್ನು ತೆಗೆದುಕೊಂಡಿದ್ದರು. ಬಿಡಿಸಿ ಹೇಳಬೇಕೆಂದರೆ, ಅವರು ಇಲ್ಲದೆಯೂ ಕೆಲಸ ನಡೆಯುವ ಹಾಗೆ ಮಾಡೋದೇ ನನ್ನ ಕೆಲಸ. ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೂ ಅದು ಪೂರ್ತಿ ಅರ್ಥವಾದದ್ದು ಆ ರಾತ್ರಿಯೇ.

ಡ್ರಾಫ್ಟ್ ಅಂದರೇನು ಅಂತ ಮೊದಲು ಹೇಳಿಬಿಡ್ತೀನಿ. ನಮ್ಮ ಐಪಿಎಲ್ ಹರಾಜಿನ ದೂರದ ನೆಂಟ ಅಂದುಕೊಳ್ಳಿ, ಆದರೆ ಇಲ್ಲಿ ದುಡ್ಡು ಕೂಗೋದಿಲ್ಲ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಕಾಲೇಜು ಮುಗಿಸಿ ಬರುವ ಆಟಗಾರರನ್ನು ಏಳು ಸುತ್ತುಗಳಲ್ಲಿ ಸರದಿ ಪ್ರಕಾರ ಆರಿಸುತ್ತಾರೆ. ಹಿಂದಿನ ವರ್ಷ ತೀರಾ ಸೋತವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಸುತ್ತಿನ ಕೊನೆಯ ಸರದಿ. ಬೇಕಾದರೆ ಸರದಿಯನ್ನೇ ಬೇರೆ ತಂಡದ ಜೊತೆ ಅದಲುಬದಲು ಮಾಡಿಕೊಳ್ಳಬಹುದು.

ಪ್ಯಾಕರ್ಸ್ ಹಿಂದಿನ ಸೀಸನ್ನಿನಲ್ಲಿ 13 ಪಂದ್ಯ ಗೆದ್ದು ಮೂರು ಮಾತ್ರ ಸೋತಿತ್ತು. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇದ್ದಾಗ ಸ್ಯಾನ್ ಫ್ರಾನ್ಸಿಸ್ಕೋ ಎದುರು ಎಡವಿತ್ತು. ತಂಡದ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್‌ಗೆ 36 ವರ್ಷ. ಚೆಂಡು ಎಸೆಯೋಕೆ ಅವನಿದ್ದಾನೆ, ಓಡಿ ಹಿಡಿಯೋಕೆ ಒಬ್ಬ ಒಳ್ಳೇ ರಿಸೀವರ್ ಬೇಕು, ಈ ವರ್ಷ ರಿಸೀವರ್‌ಗಳ ಸುಗ್ಗಿ ಬೇರೆ, ತಗೊಳ್ಳಿ ಅನ್ನೋದು ಅಭಿಮಾನಿಗಳ ಒಂದೇ ಬೇಡಿಕೆ. ಜನರಲ್ ಮ್ಯಾನೇಜರ್ ಬ್ರಯಾನ್ ಗುಟೆಕುನ್ಸ್ಟ್ ಮಾಡಿದ್ದೇನು? 30ನೇ ಸರದಿಯ ಜೊತೆಗೆ ನಾಲ್ಕನೇ ಸುತ್ತಿನ ಒಂದು ಸರದಿಯನ್ನೂ ಮಯಾಮಿಗೆ ಕೊಟ್ಟು, 26ನೇ ಸರದಿಗೆ ಹತ್ತಿ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕನ್ನು ತಂದರು! ಆ ಏಳು ಸುತ್ತುಗಳಲ್ಲಿ ಒಬ್ಬನೇ ಒಬ್ಬ ರಿಸೀವರನ್ನೂ ತೆಗೆದುಕೊಳ್ಳಲಿಲ್ಲ.

ಕ್ವಾರ್ಟರ್‌ಬ್ಯಾಕ್ ಜಾಗ ಹೇಗೆ ಅಂದರೆ, ಮೈದಾನದಲ್ಲಿ ಒಬ್ಬನಿಗೇ ಅವಕಾಶ. ಒಬ್ಬ ಆಡುತ್ತಿದ್ದರೆ ಇನ್ನೊಬ್ಬ ಟೋಪಿ ಹಾಕಿಕೊಂಡು ಗೆರೆಯಾಚೆ ನಿಂತಿರಬೇಕು. ಮರುದಿನ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅಮ್ಮನಿಗೆ ಆಟ ಅರ್ಥವಾಗಲಿಲ್ಲ, ಸಮಸ್ಯೆ ಮಾತ್ರ ತಕ್ಷಣ ಅರ್ಥವಾಯಿತು. "ಅತ್ತೆ ಗಟ್ಟಿಮುಟ್ಟಾಗಿ ಅಡುಗೆಮನೇಲಿ ಇರುವಾಗ್ಲೇ ಸೊಸೆ ಕೈಗೆ ಸೌಟು ಕೊಡೋಕೆ ಹೋದ್ರೆ ಇನ್ನೇನಾಗುತ್ತೋ?" ಅಂದರು.

ಗ್ರೂಪಿನಲ್ಲಿ ಮೇಷ್ಟ್ರು ಆ ರಾತ್ರಿ ಒಂದರ ಹಿಂದೊಂದು ಬರೆಯುತ್ತಲೇ ಇದ್ದರು. ನಿಷ್ಠೆಗೆ ಬೆಲೆಯಿಲ್ಲ, ಹದಿನೈದು ವರ್ಷ ದುಡಿದವನಿಗೆ ಬಾಗಿಲು ತೋರಿಸುತ್ತಿದ್ದಾರೆ, ಮ್ಯಾನೇಜರ್‌ನ ಮೊದಲು ಮನೆಗೆ ಕಳಿಸಬೇಕು, ಹೀಗೆ. ನಾನು ಹೊಸಬ, ಆಟದ ತಲೆಬುಡ ಗೊತ್ತಿಲ್ಲದವನು. ಅವರಿಗೊಬ್ಬರಿಗೇ ಒಂದು ಮೆಸೇಜು ಕಳಿಸಿದೆ: "ಅದರಲ್ಲಿ ಆ ಹುಡುಗ ಏನು ತಪ್ಪು ಮಾಡಿದ?"

ತುಂಬ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಒಂದೇ ಸಾಲು ಬಂತು: "ಏನೂ ಇಲ್ಲ. ನಿನ್ನ ಹಾಗೇ."

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಪ್ಯಾಕರ್ಸ್ ಬಗ್ಗೆ ಓದತೊಡಗಿದೆ. ಗ್ರೀನ್ ಬೇ ಒಂದು ಲಕ್ಷದಷ್ಟು ಜನರಿರುವ ಊರು. ಅಮೆರಿಕದ ದೊಡ್ಡ ಲೀಗುಗಳಲ್ಲಿ ತಂಡ ಇಟ್ಟುಕೊಂಡಿರುವ ಅತಿ ಸಣ್ಣ ಊರು ಅದೇ. ಬೇರೆ ತಂಡಗಳಿಗೆಲ್ಲ ಕೋಟ್ಯಧೀಶ ಮಾಲೀಕರು, ಇದಕ್ಕೆ ಮಾತ್ರ ಜನರೇ ಮಾಲೀಕರು. 1923ರಿಂದ ಆಗಾಗ ಶೇರು ಮಾರಿ ತಂಡವನ್ನು ಉಳಿಸಿಕೊಂಡು ಬಂದಿದ್ದಾರೆ. ಈಗ ಐದು ಲಕ್ಷಕ್ಕೂ ಮೀರಿ ಶೇರುದಾರರು. ಆ ಶೇರಿಗೆ ಲಾಭಾಂಶ ಇಲ್ಲ, ಮಾರೋ ಹಾಗೂ ಇಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು ಅಷ್ಟೇ. ಮೇಷ್ಟ್ರ ಮನೆಯ ಹಾಲ್‌ನಲ್ಲೂ ಒಂದಿದೆ. ಹೀಗಾಗಿ ವಿಸ್ಕಾನ್ಸಿನ್‌ನಲ್ಲಿ ಪ್ರತಿಯೊಬ್ಬನೂ ತಂಡದ ಬಗ್ಗೆ ಮಾಲೀಕನ ಗತ್ತಿನಲ್ಲೇ ಮಾತಾಡ್ತಾನೆ. "ಅವರು ಸೋತರು" ಅನ್ನಲ್ಲ, "ನಾವು ಸೋತ್ವಿ" ಅಂತಾನೆ.

ಆ ಓದಿನಲ್ಲೇ ಗೊತ್ತಾಗಿದ್ದು, ಇದೇ ಕಥೆ ಇದೇ ಊರಲ್ಲಿ ಹದಿನೈದು ವರ್ಷ ಮುಂಚೆಯೂ ನಡೆದಿತ್ತು. 2005ರಲ್ಲಿ ಬ್ರೆಟ್ ಫಾರ್ವ್ ಎಂಬ ದಿಗ್ಗಜ ಇನ್ನೂ ಆಡುತ್ತಿರುವಾಗಲೇ 24ನೇ ಸರದಿಯಲ್ಲಿ ಒಬ್ಬ ಎಳೆಯ ಹುಡುಗನನ್ನು ತಂದಿದ್ದರು. ಅವನೇ ಈ ಆರನ್ ರಾಜರ್ಸ್! ಅವನನ್ನು ತಯಾರು ಮಾಡಬೇಕು ಅಂತ ನನ್ನ ಕರಾರಿನಲ್ಲಿ ಬರೆದಿಲ್ಲ ಅನ್ನೋ ಧಾಟಿಯಲ್ಲಿ ಫಾರ್ವ್ ಆಗ ಮಾತಾಡಿದ್ದ. ಮೂರು ವರ್ಷ ರಾಜರ್ಸ್ ಗೆರೆಯಾಚೆಯೇ ಕಾದ. 2008ರಲ್ಲಿ ಫಾರ್ವ್ ನಿವೃತ್ತಿ ಅಂದ, ಆಮೇಲೆ ಇಲ್ಲ ಆಡ್ತೀನಿ ಅಂದ, ತಂಡ ಅವನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕಳಿಸಿತು. ಅಭಿಮಾನಿಗಳು ಸಿಟ್ಟೆಲ್ಲ ರಾಜರ್ಸ್ ಮೇಲೆ ತೀರಿಸಿಕೊಂಡರು. ಮೊದಲ ವರ್ಷ ತಂಡ ಗೆದ್ದದ್ದು ಬರೀ ಆರು ಪಂದ್ಯ. 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಸೂಪರ್ ಬೌಲ್ ಗೆಲ್ಲಿಸಿಕೊಟ್ಟ.

ಮಾರನೇ ದಿನ ಮೇಷ್ಟ್ರನ್ನು ಕೇಳಿದೆ, 2008ರಲ್ಲಿ ನೀವು ಯಾರ ಪರ ಇದ್ರಿ ಅಂತ. "ಫಾರ್ವ್ ಪರ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಪ್ಪು ಮಾಡಿದ್ದೆ" ಅಂದರು. ಹಾಗಂತ ಗುಟೆಕುನ್ಸ್ಟ್ ಅವರನ್ನು ಕ್ಷಮಿಸಲಿಲ್ಲ.

ಅಭಿಮಾನಿಗಳ ವಾದದಲ್ಲಿ ಹುರುಳಿರಲಿಲ್ಲ ಅಂತ ನಾನು ಹೇಳಲ್ಲ. ರಾಜರ್ಸ್ ರೊಚ್ಚಿಗೆದ್ದವನ ಹಾಗೆ ಆಡಿ 2020, 2021 ಎರಡೂ ಸೀಸನ್ನಿನಲ್ಲಿ ಲೀಗಿನ ಶ್ರೇಷ್ಠ ಆಟಗಾರನಾದ. ಲವ್ ಮೊದಲ ವರ್ಷ ಒಂದೇ ಒಂದು ಪಂದ್ಯಕ್ಕೂ ಸಮವಸ್ತ್ರ ತೊಡಲಿಲ್ಲ. ಹೊಸ ಆಟಗಾರನ ಮೊದಲ ನಾಲ್ಕು ವರ್ಷದ ಕರಾರು ಅಗ್ಗ, ಆ ಉಳಿತಾಯದಲ್ಲಿ ಉಳಿದ ಜಾಗಗಳಿಗೆ ಒಳ್ಳೆಯವರನ್ನು ತರಬಹುದು. ಅದರಲ್ಲಿ ಮೂರು ವರ್ಷ ಬೆಂಚಿನಲ್ಲೇ ಕಳೆಯಿತು. 2021ರ ಜನವರಿಯಲ್ಲಿ ತವರು ಮೈದಾನದಲ್ಲೇ ಟ್ಯಾಂಪಾ ಬೇ ಎದುರು 31-26ರಿಂದ ಸೋತು ಸೂಪರ್ ಬೌಲ್ ಮತ್ತೆ ಕೈತಪ್ಪಿದಾಗ, "ಒಬ್ಬ ರಿಸೀವರ್ ಇದ್ದಿದ್ರೆ" ಅನ್ನೋ ನಿಟ್ಟುಸಿರು ಪ್ರತಿ ಮನೆಯಲ್ಲೂ ಕೇಳಿರಬೇಕು.

ಆ ವರ್ಷ ಜುಲೈನಲ್ಲಿ ರಾಜರ್ಸ್ ಪತ್ರಿಕಾಗೋಷ್ಠಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಹಾಕಿದ. ತಂಡಕ್ಕಾಗಿ ವರ್ಷಗಟ್ಟಲೆ ದುಡಿದ ಹಿರಿಯರನ್ನು ಗೌರವವಿಲ್ಲದೆ ಕಳಿಸಿಕೊಟ್ಟರು ಅಂತ ಒಬ್ಬೊಬ್ಬರ ಹೆಸರು ಹೇಳಿದ. ದುರಹಂಕಾರ ಅಂದವರು ಅರ್ಧ, ನಿಜ ಹೇಳಿದ ಅಂದವರು ಅರ್ಧ. ಮೇಷ್ಟ್ರು ಆ ವಿಡಿಯೋ ಎರಡು ಸಲ ನೋಡಿದರಂತೆ.

ಇಷ್ಟೆಲ್ಲ ಆಗುತ್ತಿರುವಾಗ ಮೇಷ್ಟ್ರು ನನಗೆ ಪಾಠ ಹೇಳುತ್ತಲೇ ಇದ್ದರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಒಂದು ಗಂಟೆ. ಮೊದಲ ಹದಿನೈದು ನಿಮಿಷ ಗುಟೆಕುನ್ಸ್ಟ್ ಅವರಿಗೆ ಮಂಗಳಾರತಿ, ಉಳಿದ ಮುಕ್ಕಾಲು ಗಂಟೆ ಕೋಬಾಲ್. ಅವರ ಹತ್ತಿರ ಹಸಿರು ರಟ್ಟಿನ ದಪ್ಪ ನೋಟ್‌ಬುಕ್ ಇತ್ತು. ಯಾವ ವರ್ಷ ಯಾವ ಕಾನೂನು ಬದಲಾಯಿತು, ಅದಕ್ಕೆ ಯಾವ ಸಾಲು ಸೇರಿಸಿದೆ, ಯಾಕೆ, ಎಲ್ಲ ಓರೆ ಅಕ್ಷರದಲ್ಲಿ. ಕೋಡಿನಲ್ಲಿ ಎಲ್ಲೂ ಸಿಗದ ಕಾರಣಗಳು ಅದರಲ್ಲಿದ್ದವು. ಅದನ್ನು ಅವರು ಬಚ್ಚಿಡಬಹುದಿತ್ತು. ಬಚ್ಚಿಟ್ಟಿದ್ದರೆ ಇನ್ನೆರಡು ವರ್ಷ ಆರಾಮಾಗಿ ಕೆಲಸದಲ್ಲಿರುತ್ತಿದ್ದರು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ನಿವೃತ್ತರಾದ ದಿನ ಆ ನೋಟ್‌ಬುಕ್ ನನ್ನ ಮೇಜಿನ ಮೇಲಿತ್ತು. ಕೇಕ್ ಕತ್ತರಿಸಿದ್ದು, ಫೋಟೋ ತೆಗೆದದ್ದು ಎಲ್ಲ ಸೇರಿ ಬೀಳ್ಕೊಡುಗೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ನಾಲ್ಕು ತಿಂಗಳಾದ ಮೇಲೆ, 2023ರ ಏಪ್ರಿಲ್‌ನಲ್ಲಿ, ರಾಜರ್ಸ್ ಕೂಡ ಹೊರಟ. ಅದೂ ಫಾರ್ವ್ ಹೋದ ಅದೇ ನ್ಯೂಯಾರ್ಕ್ ಜೆಟ್ಸ್‌ಗೆ! ಅಲ್ಲಿ ಮೊದಲ ಪಂದ್ಯದ ಮೊದಲ ಕೆಲವೇ ನಿಮಿಷದಲ್ಲಿ ಹಿಮ್ಮಡಿಯ ನರ ಹರಿದು ಆ ಸೀಸನ್ನೇ ಮುಗಿಯಿತು. ಇತ್ತ ಲವ್ ಕುರ್ಚಿಯಲ್ಲಿ ಕೂತ. ಮೊದಲ ಒಂಬತ್ತು ಪಂದ್ಯದಲ್ಲಿ ಆರು ಸೋಲು. "ಹೇಳಿರಲಿಲ್ವಾ?" ಅನ್ನೋರ ದನಿ ಜೋರಾಯಿತು. ಅಲ್ಲಿಂದ ಚೇತರಿಸಿಕೊಂಡು ಪ್ಲೇಆಫ್‌ಗೆ ಬಂದು, 2024ರ ಜನವರಿಯಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಅವರ ಮೈದಾನದಲ್ಲೇ 48-32ರಿಂದ ಬಡಿದರು. ಮರುದಿನ ನೋಡಿದರೆ ಅದೇ ಜನ: "ನಾನು ಅವತ್ತೇ ಹೇಳಿದ್ದೆ, ಲವ್ ಹುಡುಗ ಗಟ್ಟಿಗ ಅಂತ." ನಮ್ಮೂರಿನ ಚುನಾವಣೆ ಫಲಿತಾಂಶದ ಮಾರನೇ ದಿನ ನೆನಪಾಯಿತು. ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲವ್ ಎಸೆದ ಕೊನೆಯ ಚೆಂಡು ಎದುರಾಳಿಯ ಕೈಗೆ ಹೋಗಿ ಮೂರು ಅಂಕದಿಂದ ಸೋತಾಗ, ಗಟ್ಟಿಗ ಮತ್ತೆ ದಡ್ಡನಾದ.

ಡಲ್ಲಾಸ್ ಪಂದ್ಯವನ್ನು ನಾನು ಮೇಷ್ಟ್ರ ಮನೆಯಲ್ಲೇ ನೋಡಿದ್ದು. ಅವರು "ಅವತ್ತೇ ಹೇಳಿದ್ದೆ" ಅನ್ನಲಿಲ್ಲ. "ಮೂರು ವರ್ಷ ಬಾಯಿ ಮುಚ್ಚಿಕೊಂಡು ನಿಂತಿದ್ದನಲ್ಲ, ಅದು ನನಗೆ ಆಗ ಕಾಣಿಸಲೇ ಇಲ್ಲ" ಅಂದರು. ಲವ್ ಹದಿನಾಲ್ಕನೇ ವಯಸ್ಸಿಗೇ ತಂದೆಯನ್ನು ಕಳೆದುಕೊಂಡವನು ಅಂತ ನನಗೆ ಹೇಳಿದವರೂ ಅವರೇ.

2025ರ ಡ್ರಾಫ್ಟ್ ಗ್ರೀನ್ ಬೇನಲ್ಲೇ ನಡೆಯಿತು. ಏಪ್ರಿಲ್ 24ರಂದು ಇಬ್ಬರೂ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆವು. ಲಂಬೋ ಸ್ಟೇಡಿಯಂ ಸುತ್ತ ಜಾತ್ರೆಯೋ ಜಾತ್ರೆ, ತಲೆ ಮೇಲೆ ಚೀಸ್ ತುಂಡಿನಾಕಾರದ ಹಳದಿ ಟೋಪಿಗಳು. 23ನೇ ಸರದಿಗೆ ಮ್ಯಾಥ್ಯೂ ಗೋಲ್ಡನ್ ಹೆಸರು ಕೂಗಿದರು. ರಿಸೀವರ್! ಪ್ಯಾಕರ್ಸ್ ಮೊದಲ ಸುತ್ತಿನಲ್ಲಿ ರಿಸೀವರನ್ನು ಆರಿಸಿದ್ದು 2002ರ ನಂತರ ಅದೇ ಮೊದಲು. ಇಡೀ ಮೈದಾನ ಕುಣಿಯಿತು. ಮೇಷ್ಟ್ರು ಮಾತ್ರ ನನ್ನ ಕಿವಿಯಲ್ಲಿ, "ಪಾಪ, ಈಗಿರೋ ರಿಸೀವರ್‌ಗಳು ಇವತ್ತು ರಾತ್ರಿ ಮಲಗಲ್ಲ" ಅಂದರು.

ಜೂನ್‌ನಲ್ಲಿ ನನ್ನ ಸರದಿ ಬಂತು. ನಮ್ಮ ಪ್ರೋಗ್ರಾಮಿನ ನಿರ್ವಹಣೆಯನ್ನು ಬೆಂಗಳೂರಿನ ಆಫೀಸಿಗೆ ಹಂತಹಂತವಾಗಿ ವರ್ಗಾಯಿಸುತ್ತೇವೆ ಅಂತ ಮೇಲಿನಿಂದ ಈಮೇಲ್. ಕಲಿಯೋದಕ್ಕೆ ಅಲ್ಲಿಂದ ಒಬ್ಬ ಹುಡುಗಿ, ಬಿಇ ಮುಗಿಸಿ ಎರಡು ವರ್ಷ. ತುಂಬ ಚುರುಕು, ಕನ್ನಡದವರೇ. ಮೂರನೇ ದಿನವೇ ಕೇಳಿದರು: "ಸರ್, ಈ ಒಂದು ತಾರೀಖಿನ ಕಂಡೀಶನ್ ಯಾಕೆ ಹಾಕಿದ್ದಾರೆ? ಎಲ್ಲೂ ವಿವರ ಇಲ್ಲ." ಉತ್ತರ ನೋಟ್‌ಬುಕ್ಕಿನಲ್ಲಿತ್ತು. ನೋಟ್‌ಬುಕ್ ನನ್ನ ಡ್ರಾಯರಿನಲ್ಲಿತ್ತು. "ನೋಡಿ ಹೇಳ್ತೀನಿ" ಅಂತ ಬರೆದು ಸುಮ್ಮನಾದೆ.

ಎರಡು ದಿನ ಸುಮ್ಮನೇ ಇದ್ದೆ. ನಾಚಿಕೆಯಾದರೂ ಹೇಳಿಬಿಡ್ತೀನಿ, ಮರೆತು ಸುಮ್ಮನಿದ್ದದ್ದಲ್ಲ, ಬೇಕಂತಲೇ. ವೀಸಾ ಕಂಪನಿಗೆ ಅಂಟಿಕೊಂಡಿದೆ, ಕೆಲಸ ಹೋದರೆ ಸಿಗೋದು 60 ದಿನ. ಹೆಂಡತಿಗೆ ಆಗ ಐದು ತಿಂಗಳು. ಅವರನ್ನು ತಯಾರು ಮಾಡಬೇಕು ಅಂತ ನನ್ನ ಕರಾರಿನಲ್ಲೂ ಬರೆದಿರಲಿಲ್ಲ. ಟಿವಿ ಮುಂದೆ ಕೂತು ಫಾರ್ವ್‌ನ ಎಷ್ಟು ಸಲ ಬೈದಿದ್ದೆ! ಅವನ ಹೊಟ್ಟೆಯೊಳಗಿನ ಭಯ ನನಗೆ ಗೊತ್ತಾಗಿದ್ದು ಆ ಎರಡು ದಿನದಲ್ಲಿ.

ಮೂರನೇ ದಿನ ಬೆಳಿಗ್ಗೆ ಡ್ರಾಯರ್ ತೆಗೆದೆ. ಆ ತಾರೀಖಿನ ಪುಟದಲ್ಲಿ, ಕೋಡಿನ ಕಾರಣದ ಕೆಳಗೆ, ಬೇರೆ ಇಂಕಿನಲ್ಲಿ ಮೇಷ್ಟ್ರು ನನ್ನ ಹೆಸರು ಬರೆದು, "ಇದನ್ನು ಅವನಿಗೆ ಮೊದಲು ಹೇಳಬೇಕು" ಅಂತ ಗುರುತು ಹಾಕಿಕೊಂಡಿದ್ದರು. ಪಕ್ಕದಲ್ಲಿ ತಿಂಗಳು: 2020ರ ಮೇ. ಲವ್ ಬಂದು ಆಗಿನ್ನೂ ತಿಂಗಳೂ ಪೂರ್ತಿ ಆಗಿತ್ತೋ ಇಲ್ಲವೋ.

ಪುಟದ ಫೋಟೋ ತೆಗೆದು ಕಳಿಸಿದೆ. ಆಮೇಲೆ ಒಂದೊಂದಾಗಿ ಉಳಿದ ಪುಟಗಳನ್ನೂ. ಈಗ ದಿನಾ ಬೆಳಿಗ್ಗೆ, ಅವರಿಗೆ ಸಂಜೆ, ಒಂದು ಗಂಟೆ ಪಾಠ. ನನ್ನ ಕುರ್ಚಿ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ, ಭಯವೂ ಪೂರ್ತಿ ಹೋಗಿಲ್ಲ. ಆದರೆ ಪ್ಯಾಕರ್ಸ್ ಯಾರನ್ನೋ ತಂದರು, ಯಾರನ್ನೋ ಬಿಟ್ಟರು ಅಂತ ಗ್ರೂಪಿನಲ್ಲಿ ಗಲಾಟೆ ಶುರುವಾದರೆ ಮೊದಲಿನಷ್ಟು ಸಲೀಸಾಗಿ ನನ್ನ ತೀರ್ಪು ಬರೆಯೋಕಾಗಲ್ಲ. ಬರೆದದ್ದನ್ನು ಅರ್ಧಕ್ಕೇ ಅಳಿಸಿಬಿಡ್ತೀನಿ.

ಮೊನ್ನೆ ಪಾಠದ ಮಧ್ಯೆ ಅವರು ಕೇಳಿದರು, "ಸರ್, ಈ ಅಕ್ಷರ ಯಾರದು? ನಿಮ್ಮದಲ್ಲ ಅಲ್ವಾ?"

"ಅಲ್ಲ, ನಮ್ಮ ಮೇಷ್ಟ್ರದು" ಅಂದೆ. ಆ ದಿನ ಮೊದಲ ಹದಿನೈದು ನಿಮಿಷ ಕೋಬಾಲ್ ಇರಲಿಲ್ಲ, ಪ್ಯಾಕರ್ಸ್ ಕಥೆ.