ಅತ್ತೆಯೊಡನೆ ಕಾಲಯಾನ

ಮಾಯಮಂತ್ರದ ಚಿತ್ರ, ವಿಜ್ಞಾನದ ಚಿತ್ರ ಅಂದರೆ ನಮ್ಮ ಬಳಗದ ಹೆಂಗಸರು ಮೂಗು ಮುರಿಯುತ್ತಾರೆ. "ಅದೆಲ್ಲ ಹುಡುಗರಿಗೆ ಕಣ್ರೀ, ನಮ್ಮ ತಲೆಗೆ ಹತ್ತೋದಿಲ್ಲ" ಎನ್ನುತ್ತಾರೆ. ಹೀಗನ್ನುವವರೇ ಟಿ.ವಿ.ಯಲ್ಲಿ ‘ನಾಗಿಣಿ’ ಬರುತ್ತಿದ್ದಾಗ ಕುಕ್ಕರು ಎಷ್ಟು ಸಲ ಕೂಗಿತೆಂಬುದನ್ನು ಮರೆತು ಕೂತಿದ್ದವರು. ಹಾವು ಹೆಣ್ಣಾಗುವುದು ತಲೆಗೆ ಹತ್ತುತ್ತದೆ, ಗಡಿಯಾರ ನಿಧಾನವಾಗುವುದು ಮಾತ್ರ ಹತ್ತುವುದಿಲ್ಲ ಎಂದರೆ ನಾನು ಒಪ್ಪುವವಳಲ್ಲ.

ನನಗೆ ಇಂಥ ಚಿತ್ರಗಳ ಸಹವಾಸ ಅಂಟಿದ್ದು ಅತ್ತೆಯವರಿಂದ. ಅವರಿಗೆ ಎಂಬತ್ತನಾಲ್ಕು. ಎರಡು ವರ್ಷದಿಂದ ಮರೆವಿನ ಕಾಯಿಲೆ. ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಹನ್ನೊಂದರ ಮೇಲೆ ನಾಯಿಗಳನ್ನು ಬಿಟ್ಟರೆ ನಾವಿಬ್ಬರೇ ಎಚ್ಚರ. ನಾನು ಕಣ್ಣು ಮುಚ್ಚಿದರೆ ಅವರು ಚಿಲಕ ತೆಗೆದು ಹೊರಟುಬಿಡುತ್ತಾರೆ. ಧಾರಾವಾಹಿ ಹಾಕಿದರೆ ಅದರೊಳಗಿನ ಅಳುವಿಗೆ ತಾವೂ ಅಳುತ್ತಾರೆ. ಆಕಾಶ, ನಕ್ಷತ್ರ, ಹಾರುವ ಮನುಷ್ಯರು ಕಂಡರೆ ಮಾತ್ರ ಸುಮ್ಮನೆ ನೋಡುತ್ತಾರೆ. ಇದನ್ನು ಕಂಡುಹಿಡಿದವಳು ನನ್ನ ಮಗಳು. ಪಟ್ಟಿ ಮಾಡಿಕೊಡುವವಳೂ ಅವಳೇ.

ಮೊದಲು ನೋಡಿದ್ದು ಪವನ್ ಕುಮಾರ್ ಅವರ ‘ಲೂಸಿಯಾ’. ಜನರಿಂದಲೇ ಹಣ ಕೂಡಿಸಿ ತೆಗೆದ, 2013ರ ಚಿತ್ರ. ನಿದ್ದೆ ಬಾರದ ಒಬ್ಬ ಹುಡುಗ, ಚಿತ್ರಮಂದಿರದಲ್ಲಿ ಟಾರ್ಚು ಬಿಡುವವನು, ಗುಳಿಗೆ ನುಂಗಿ ಕನಸಿನಲ್ಲಿ ಸಿನಿಮಾ ನಟನಾಗುತ್ತಾನೆ. ಗಂಟು ಬಿಚ್ಚಿ ಹೇಳಿದರೆ ನೋಡದವರ ಶಾಪ ತಟ್ಟೀತು. ನನಗೆ ಹಿಡಿಸಿದ್ದು ಆ ಟಾರ್ಚು. ಜಯನಗರ ನಾಲ್ಕನೇ ಬ್ಲಾಕಿನ ಪುಟ್ಟಣ್ಣ ಚಿತ್ರಮಂದಿರ ಈಗಿಲ್ಲ, ನಂದಾ ಇಲ್ಲ. ಕತ್ತಲಲ್ಲಿ ನಮ್ಮ ಕಾಲ ಮುಂದೆ ಬೆಳಕಿನ ಬಿಲ್ಲೆ ಉರುಳಿಸುತ್ತಾ ಸೀಟು ತೋರಿಸುತ್ತಿದ್ದವರನ್ನು ಕಂಡೇ ಎಷ್ಟೋ ವರ್ಷವಾಯಿತು. ಅತ್ತೆ ಮಾತ್ರ, "ನಿದ್ದೆ ಬರೋಲ್ವಂತಾ? ಪಾಪ, ಒಂದು ಲೋಟ ಬಿಸಿ ಹಾಲು ಕೊಡೇ" ಎಂದರು.

ಉಪೇಂದ್ರ ಮೂರು ಪಾತ್ರ ಮಾಡಿದ ‘ಹಾಲಿವುಡ್’ ಚಿತ್ರವನ್ನೂ ನೋಡಿದೆವು. ಯಂತ್ರಮಾನವ ಹುಡುಗಿಗೆ ಮನಸೋಲುವ ಕಥೆ. ರಜನೀಕಾಂತರ ‘ಎಂದಿರನ್’ ಬರುವುದಕ್ಕೆ ಎಂಟು ವರ್ಷ ಮೊದಲೇ, 2002ರಲ್ಲೇ, ನಮ್ಮವರು ಇದನ್ನು ಮಾಡಿದ್ದರು ಎಂದು ಹೆಮ್ಮೆಪಡಬಹುದು. ಎರಡನೇ ಸಲ ನೋಡಬೇಕೆನ್ನಿಸಲಿಲ್ಲ.

ಆಮೇಲೆ ‘ಬ್ಲಿಂಕ್’. ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ, 2024ರ ಚಿತ್ರ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ಇದ್ದಷ್ಟು ಹೊತ್ತು ಬೇರೆ ಕಾಲದಲ್ಲಿ ಓಡಾಡಬಹುದು. ಕೋಟಿಗಟ್ಟಲೆ ಸುರಿದು ಕಟ್ಟಿದ ಯಂತ್ರ ಬೇಡ, ಎರಡು ಹನಿ ಸಾಕು. ಬಡತನದಲ್ಲಿ ಹುಟ್ಟಿದ ಇಂಥ ಉಪಾಯಗಳ ಮೇಲೆ ನನಗೆ ಪ್ರೀತಿ ಹೆಚ್ಚು. ನಮ್ಮ ಅತ್ತೆಗೆ ಆ ಹನಿಯೂ ಬೇಡ. ರೆಪ್ಪೆ ಮಿಟುಕಿಸಿದರೂ ಅವರು ಅಲ್ಲಿಂದ ಹಿಂದಿರುಗುವುದಿಲ್ಲ. ಸಂಜೆ ನಾಲ್ಕಾಯಿತೆಂದರೆ, "ಮಗು ಸ್ಕೂಲಿಂದ ಬಂತೇನೇ?" ಎಂದು ಬಾಗಿಲು ನೋಡುತ್ತಾರೆ. ಆ ಮಗು, ಅಂದರೆ ನಮ್ಮ ಯಜಮಾನರು, ಕೆಲಸದಿಂದ ನಿವೃತ್ತರಾಗಿ ಎದುರಿಗಿನ ಕುರ್ಚಿಯಲ್ಲೇ ಪೇಪರು ಓದುತ್ತಿರುತ್ತಾರೆ. ನರೆತ ತಲೆಯ ಅವರನ್ನು ಕಂಡು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಅವರ ಪಾಲಿಗೆ ಅವರು ಭಾವನವರು.

ಇದರಿಂದಾಗಿಯೇ ಏನೋ, ‘ಇಂಟರ್‌ಸ್ಟೆಲ್ಲರ್’ ನಮ್ಮ ಮನೆಯಲ್ಲಿ ಬರೀ ಸಿನಿಮಾ ಆಗಿ ಉಳಿಯಲಿಲ್ಲ. ಕ್ರಿಸ್ಟೋಫರ್ ನೋಲನ್ ಅವರ ಈ ಚಿತ್ರ ಬಂದದ್ದು 2014ರಲ್ಲಿ. 2025ರ ಫೆಬ್ರುವರಿಯಲ್ಲಿ ಮತ್ತೆ ಬಿಡುಗಡೆಯಾದಾಗ ಮಗಳು ಥಿಯೇಟರಿಗೆ ಹೋಗಿ ನೋಡಿ ಬಂದು, ನಮಗೆ ಮನೆಯಲ್ಲಿ ಹಾಕಿಕೊಟ್ಟಳು. ತಂದೆ ಗಗನಯಾನಕ್ಕೆ ಹೋಗುತ್ತಾನೆ. ಕಪ್ಪುಕುಳಿಯ ಪಕ್ಕದ ಒಂದು ಗ್ರಹದಲ್ಲಿ ಕಳೆದ ಒಂದು ಗಂಟೆ ಭೂಮಿಯ ಏಳು ವರ್ಷಕ್ಕೆ ಸಮ. ಗುರುತ್ವ ಹೆಚ್ಚಿದ ಕಡೆ ಕಾಲ ನಿಧಾನ ಎಂಬುದು ಐನ್‌ಸ್ಟೈನರ ಲೆಕ್ಕ, ಕಟ್ಟುಕಥೆಯಲ್ಲ. ನಮ್ಮ ಮೊಬೈಲಿಗೆ ದಾರಿ ತೋರಿಸುವ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರವೂ ದಿನಕ್ಕೆ 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿದೂಗಿಸದಿದ್ದರೆ ಬನಶಂಕರಿಗೆ ಹೊರಟ ಆಟೋ ಇನ್ನೆಲ್ಲೋ ಇರುತ್ತದೆ.

ಆ ತಂದೆ ನೌಕೆಗೆ ಮರಳುವಷ್ಟರಲ್ಲಿ ಇಲ್ಲಿ 23 ವರ್ಷ ಕಳೆದಿವೆ. ಮಕ್ಕಳು ಕಳಿಸಿದ ವಿಡಿಯೋಗಳನ್ನು ಒಂದೊಂದಾಗಿ ನೋಡುತ್ತಾನೆ. ಕಡೆಗೆ ಮಗಳು ಬರುತ್ತಾಳೆ. ಅವನು ಮನೆಬಿಟ್ಟಾಗ ಅವನಿಗೆಷ್ಟು ವಯಸ್ಸೋ ಈಗ ಅವಳಿಗೂ ಅಷ್ಟೇ. ನಮ್ಮ ಯಜಮಾನರು ಅಲ್ಲಿಗೆ ಎದ್ದು ನೀರು ಕುಡಿಯಲು ಹೋದವರು ಚಿತ್ರ ಮುಗಿಯುವವರೆಗೂ ಬರಲಿಲ್ಲ. ಅತ್ತೆ ಕೇಳಿದರು: "ಆ ಗಂಡಸು ಯಾಕೆ ಅಳ್ತಾನೆ? ಮಗಳು ಬಂದಿದ್ದಾಳಲ್ಲ!"

ಇಂಥ ಕಥೆ ನಮ್ಮಲ್ಲೂ ಉಂಟು. ಕಕುದ್ಮಿ ರಾಜ ಮಗಳು ರೇವತಿಗೆ ವರ ಯಾರೆಂದು ಕೇಳಲು ಅವಳನ್ನೇ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು, ಕಾದ. ಕಚೇರಿ ಮುಗಿಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿದ್ದವು. ಇಳಿದು ಬಂದು ಬಲರಾಮನಿಗೆ ಕೊಟ್ಟು ಮದುವೆ ಮಾಡಿದ. ಅವಳು ತೀರಾ ಎತ್ತರ ಎಂದು ಬಲರಾಮ ನೇಗಿಲಿನಿಂದ ತಗ್ಗಿಸಿದನಂತೆ. ಅವಳ ಗೆಳತಿಯರು, ಅವಳು ನೀರೆರೆದ ಗಿಡ, ಆಡಿದ ಅಂಗಳ, ಯಾವುದೂ ಉಳಿದಿರಲಿಲ್ಲವಲ್ಲ, ಆ ಹುಡುಗಿ ಏನು ಮಾಡಿದಳು? ಪುರಾಣಕ್ಕೆ ಅದು ಬೇಕಾಗಿಲ್ಲ. ಇಂಗ್ಲಿಷ್ ಚಿತ್ರದವರು ಅಷ್ಟರಮಟ್ಟಿಗೆ ವಾಸಿ, ಹಿಂದೆ ಉಳಿದವಳ ಮುಖ ತೋರಿಸಿದರು.

1957ರ ‘ಮಾಯಾಬಜಾರ್’ ಚಿತ್ರದಲ್ಲಿ ಇದೇ ರೇವತಿ ಶಶಿರೇಖೆಯ ತಾಯಿಯಾಗಿ ಬರುತ್ತಾಳೆ. ಅಲ್ಲಿ ‘ಪ್ರಿಯದರ್ಶಿನಿ’ ಎಂಬ ಪೆಟ್ಟಿಗೆಯೊಂದಿದೆ. ತೆರೆದರೆ ನೋಡುವವರಿಗೆ ಪ್ರಿಯವಾದದ್ದು ಕಾಣುತ್ತದೆ. ಮಗಳಿಗೆ ಅಭಿಮನ್ಯು ಕಾಣುತ್ತಾನೆ, ರೇವತಿಗೆ ಒಡವೆ! ಅಷ್ಟು ಯುಗ ಕಳೆದುಕೊಂಡು ಬಂದವಳಿಗೆ ಕಾಣಬೇಕಾದ್ದು ಒಡವೆಯೇ? ಬರೆದವರು ಗಂಡಸರು, ಏನು ಹೇಳೋಣ. ಆ ಪೆಟ್ಟಿಗೆಯನ್ನು ನಮ್ಮ ಅತ್ತೆಯ ಕೈಗೆ ಕೊಟ್ಟರೆ ಹೆಗಲಿಗೆ ಚೀಲ ತಗುಲಿಸಿಕೊಂಡ ಐದು ವರ್ಷದ ಹುಡುಗ ಕಾಣುತ್ತಾನೆ. ನಮ್ಮವರು ಆ ಪೆಟ್ಟಿಗೆಯ ಹತ್ತಿರಕ್ಕೂ ಹೋಗಲಾರರು.

ಮಗಳು ಈಗ ಉಪೇಂದ್ರರ ‘ಯುಐ’ ನೋಡಿ ಎಂದು ದುಂಬಾಲು ಬಿದ್ದಿದ್ದಾಳೆ. 2024ರ ಡಿಸೆಂಬರಿನಲ್ಲಿ ಬಂದದ್ದು; 2040ರ ಲೋಕ ತೋರಿಸಿ ಪ್ರಚಾರ ಮಾಡಿದ್ದರು. ನೋಡಬೇಕು. ಆದರೆ ಅತ್ತೆಗೆ ಮುಂದಿನ ಕಾಲದ ಮೇಲೆ ಆಸಕ್ತಿಯಿಲ್ಲ. ಹಾಗಾಗಿ ಮೊದಲು ಇನ್ನೊಂದು ಸಲ ‘ಮಾಯಾಬಜಾರ್’ ಹಾಕೋಣವೆಂದಿದ್ದೇನೆ. ಕಳೆದ ಸಲ ಘಟೋತ್ಕಚ ಲಾಡು ನುಂಗುವ ದೃಶ್ಯ ಬಂದಾಗ ಅವರು ಬಾಯ್ತುಂಬ ನಕ್ಕು, ನೋಡೇ ಎಂದು ನನ್ನ ಹೆಸರು ಹಿಡಿದು ಕರೆದಿದ್ದರು.